ಕೈಮೇಲಿನ ಕೂದಲು ಕಂಡಾಗ

ಕ್ಯಾಪ್ಟನ್ ಕಾರ್ವೆತ್ ಹಾಕಿದ್ದ ಕಟ್ಟಳೆ ಒಂದೇ: ಬೆಳಗಿನ ಬೆಳಕಿಗೆ ಕೈಮೇಲಿನ ಕೂದಲು ಕಂಡಿತೋ, ದೋಣಿ ತಿರುಗಿಸಬೇಕು, ಈಜಿ ಹೋದವನು ಬಂದಿರಲಿ, ಬಾರದಿರಲಿ.

ಆಂಬ್ರೋಸ್ ಟಿಕ್ನರನಿಗೆ ಕೂದಲು ಕಾಣತೊಡಗಿ ಒಂದಷ್ಟು ಹೊತ್ತಾಗಿತ್ತು. ಅವನು ಅಂಗಿಯ ತೋಳನ್ನು ಬೆರಳುಗಳವರೆಗೆ ಎಳೆದುಕೊಂಡ.

ಎದುರಿಗೆ ಶತ್ರುವಿನ ವಶದಲ್ಲಿದ್ದ ಸಿಸಿಲಿ ದ್ವೀಪದ ತೀರ. ದೋಣಿ ಕಣ್ಣಿಗೆ ಬಿದ್ದರೆ ಇಂಗ್ಲಿಷರು ಇಲ್ಲೇ ಇಳಿಯುತ್ತಾರೆಂದು ತಿಳಿದುಹೋಗುತ್ತದೆ; ಆಮೇಲೆ ಇಳಿಯುವ ಸಾವಿರಾರು ಹುಡುಗರ ಗತಿ ದೇವರೇ ಬಲ್ಲ.

ಹಿಂದೊಮ್ಮೆ ಕ್ಯಾಪ್ಟನ್ನನಿದ್ದ ಹಡಗು ನಕ್ಷೆಯಲ್ಲಿಲ್ಲದ ಬಂಡೆಗೆ ಬಡಿದಿತ್ತು. ಅಂದಿನಿಂದ ಅವನಿಗೊಂದೇ ಹುಚ್ಚು: ಸೈನ್ಯ ಇಳಿಯುವ ಮೊದಲು ಒಬ್ಬ ಈಜಿ ಹೋಗಿ ಆಳ ಅಳೆಯಬೇಕು, ಮರಳನ್ನು ಮುಟ್ಟಿ ನೋಡಬೇಕು. ಮೇಲಿನವರು ನಕ್ಕರು. ಹಿಂದೆ ಮಾಡಿದವರಿಲ್ಲದ ಆ ಕೆಲಸವನ್ನು ತಾನೇ ಕಲಿತ, ಹತ್ತಾರು ಜನಕ್ಕೆ ಕಲಿಸಿದ.

ಈ ರಾತ್ರಿ ಈಜಿ ಹೋದವನೂ ಅವನೇ. ನೀರಿಗಿಳಿಯುವಾಗ, ಊರಲ್ಲಿ ಕುರಿ ಕಾಯುತ್ತಿದ್ದ ಆಂಬ್ರೋಸನನ್ನು ಕೆಣಕಿದ್ದ: "ಏನಯ್ಯಾ ಕುರಿ ಕಾಯೋನೇ, ತಪ್ಪಿಸ್ಕೊಂಡ ಕುರಿ ಅಂತ ನನ್ನ ಹುಡುಕ್ಕೊಂಡು ಬಂದುಬಿಟ್ಟೀಯ!"

"ಕುರಿಗಾದ್ರೆ ಸಂತೇಲಿ ಬೆಲೆ ಇದೆ ಸಾರ್. ನಿಮಗ್ಯಾಕೆ ಬರ್ಲಿ?"

ತೀರದ ಗುಡಾರದಿಂದ ಕಾವಲುಗಾರನೊಬ್ಬ ಹೊರಬಂದು, ಆಕಳಿಸುತ್ತ ಉಚ್ಚೆ ಹೊಯ್ದ. ಅವನಿಗೂ ದೋಣಿಗೂ ನಡುವೆ ಅಲೆಗಳಲ್ಲೊಂದು ಕಪ್ಪು ತಲೆ. ತಲೆ ದೋಣಿಯತ್ತ ತಿರುಗಿತು, ನಿಂತಿತು, ಮತ್ತೆ ಬೇರೆ ಕಡೆ ಹೊರಳಿ ಒಂಟಿಯಾಗಿ ಕಡಲಿನತ್ತ ಸಾಗಿತು. ದೋಣಿಯ ಹತ್ತಿರ ಬಂದರೆ ಕಾವಲುಗಾರನ ಕಣ್ಣೂ ಹಿಂದೆಯೇ ಬಂದೀತೆಂದು ಕ್ಯಾಪ್ಟನ್ ಹೀಗೆ ಮಾಡುತ್ತಿದ್ದಾನೆ. ಸತ್ತರೂ ಹೆಣ ಈ ದಡಕ್ಕೆ ಬೀಳಬಾರದು, ಅಷ್ಟೇ ಅವನ ಲೆಕ್ಕ.

ತಾನು ಕಾದದ್ದೇ ಅವನಿಗೆ ಉರುಳಾಯಿತಲ್ಲ! ಆಂಬ್ರೋಸ್ ಬೆನ್ನು ಬಗ್ಗಿಸಿ, ಸದ್ದಿಲ್ಲದೆ ಹುಟ್ಟುಹಾಕುತ್ತ ದೂರದ ಮಂಜಿನೊಳಗೆ ಹೋದ. ತೀರದಿಂದ ಕಡಲಿಗೆ ಎಳೆಯುವ ಸೆಳವು ಅತ್ತಲೇ ಇತ್ತು; ಈಜುವವನನ್ನೂ ಅತ್ತಲೇ ತಂದೀತು. ಅಲ್ಲಿ ಕಿವಿಗೊಟ್ಟು ಕೂತ. ಏನಿಲ್ಲ. ಬರೀ ನೀರು. ಕಡೆಗೊಮ್ಮೆ ಕೆಮ್ಮು ಕೇಳಿಸಿತು.

ದೋಣಿಗೆ ಎಳೆದು ಹಾಕಿಕೊಂಡಾಗ ಕ್ಯಾಪ್ಟನ್ನನ ತುಟಿ ನೀಲಿಯಾಗಿತ್ತು.

"ನೀರೊಳಗೆ ಮರಳಿನ ದಿಬ್ಬ ಇದೆ," ಎಂದ, ಹಲ್ಲು ಕಟಕಟಿಸುತ್ತ. "ಟ್ಯಾಂಕು ಹೂತುಹೋಗ್ತವೆ. ಹೇಳ್ಬೇಕು ಅವರಿಗೆ. ನಾಳೆ ಪಕ್ಕದ ತೀರ ನೋಡ್ತೀನಿ."

"ಆಗ್ಲಿ ಸಾರ್."

"ನೀನು ಬೇಡ."

"ಯಾಕೆ ಸಾರ್?"

"ನೀನು ಕಾಯ್ತೀಯ."

ತಮ್ಮ ಹಡಗು ಕಾಣುವವರೆಗೂ ಆಂಬ್ರೋಸನೊಬ್ಬನೇ ಹುಟ್ಟುಹಾಕಿದ.