ಕಪ್ಪಾದ ಚಿರ್ಯಾಶಾ

ಐದು ವರ್ಷದ ಹಿಂದೆ, ಇಟಲಿಗೆ ಹೊರಡುವ ವಾರದಲ್ಲಿ, ಒತಿಲಿಯಾ ಎರಡು ಕ್ಲೌನ್ ಮೀನು ತಂದು ಗಂಡನ ಗಾಜಿನ ತೊಟ್ಟಿಗೆ ಬಿಟ್ಟಳು. ದೊಡ್ಡದು ಹೆಣ್ಣು. ಅದರ ಕೆಂಪು ಬಣ್ಣ ನೋಡಿ ಚಿರ್ಯಾಶಾ, ಅಂದರೆ ಚೆರ್ರಿ ಹಣ್ಣು ಅಂತ ಅವಳೇ ಹೆಸರಿಟ್ಟಳು. ಸಣ್ಣದು ಗಂಡು, ಪುಯು. "ಇವನ್ನ ನೋಡ್ಕೊಂಡಿರು, ಹೊತ್ತು ಹೋಗುತ್ತೆ. ಎರಡೇ ವರ್ಷ, ಬಂದುಬಿಡ್ತೀನಿ" ಅಂದಿದ್ದಳು. ರೊಮೇನಿಯಾದ ನಮ್ಮ ಸುಚಾವಾ ಊರಿನ ಹೆಂಗಸರೆಲ್ಲ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಟಲಿಗೆ ಹೋಗುವುದು ಎರಡೇ ವರ್ಷಕ್ಕೆ. ಆ ಎರಡು ವರ್ಷ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಅವಳ ಗಂಡ ನೆಕುಲಾಯ್ ಕೆಟ್ಟವನಲ್ಲ. ಬಿಸಿನೀರಿನ ಪೈಪು ರಿಪೇರಿ ಮಾಡುವ ಕೆಲಸ, ಸಂಜೆ ಆರಕ್ಕೆ ಮನೆ, ಆಮೇಲೆ ತೊಟ್ಟಿಯ ಮುಂದೆ ಒಂದು ಸ್ಟೂಲು. ಉಪ್ಪಿನ ಹದ, ದೀಪದ ಹೊತ್ತು, ಹವಳದ ಆರೈಕೆ ಎಲ್ಲ ಕಲಿತ. "ಹೆಂಡತಿ ಬೊಲೋನ್ಯಾದಲ್ಲಿ, ಸಮುದ್ರ ಮೂರನೇ ಮಹಡಿಯಲ್ಲಿ, ಇವನ ಪುಣ್ಯವೇ ಪುಣ್ಯ" ಅಂತ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ಕಾಲೆಳೆಯುತ್ತಿದ್ದರು. ಅವನು ನಕ್ಕು ಒಳಗೆ ಬಂದು ಬಾಗಿಲು ಹಾಕಿಕೊಂಡರೆ ಮನೆ ಬಿಕೋ ಅನ್ನುತ್ತಿತ್ತು.

ಮೊದಲ ಮೂರು ವರ್ಷ ಒತಿಲಿಯಾ ಆಗಸ್ಟಿನಲ್ಲಿ ಬಂದುಹೋದಳು. ಆಮೇಲೆ ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ಹಾಸಿಗೆ ಹಿಡಿದಳು. ಎರಡು ವರ್ಷ ಬರಲಾಗಲಿಲ್ಲ. ಮೀನಿನ ಕಥೆ ಕೆಟ್ಟದ್ದು ಆಗಲೇ. ಮೀನಿನಂಗಡಿಯ ಗವ್ರಿಲ್, ಇವರಿಬ್ಬರಿಗೂ ಹಳೇ ಸ್ನೇಹಿತ, ಒಂದು ಕಡಲಹೂ ತಂದುಕೊಟ್ಟ, ನೋಡಲು ಹೂವು, ನಿಜಕ್ಕೆ ಸಮುದ್ರದ ಜೀವಿ. ಜಮಖಾನೆಯ ಹಾಗೆ ಹರಡಿಕೊಳ್ಳುವ ಜಾತಿ. ಮುಟ್ಟಿದರೆ ಕುಟುಕುತ್ತದೆ. ಚಿರ್ಯಾಶಾ ಅದಕ್ಕೆ ಒಮ್ಮೆ ಮೈ ತಾಗಿಸಿ ಓಡಿದಳು, ಮತ್ತೆ ಬಂದಳು, ಮತ್ತೆ ಓಡಿದಳು. ವಾರ ಕಳೆಯುವಷ್ಟರಲ್ಲಿ ಅದರೊಳಗೇ ಮನೆ ಮಾಡಿದಳು. ಅಲ್ಲಿಂದ ಬೆನ್ನು ಕಂದುತ್ತಾ ಬಂತು. ಆರು ತಿಂಗಳಿಗೆ ಬಿಳಿ ಪಟ್ಟಿಗಳು ಹಾಗೇ ಉಳಿದು, ಮೂತಿಯೊಂದು ಬಿಟ್ಟು ಮೈಯೆಲ್ಲ ಕಪ್ಪಾಯಿತು.

"ಕಾಯಿಲೆ ಅಲ್ಲ ಕಣೋ" ಅಂದ ಗವ್ರಿಲ್. "ಕುಟುಕೋ ಹೂವಲ್ಲಿ ಸಂಸಾರ ಹೂಡಿದ್ರೆ ಕೆಲವು ಹೀಗೇ ಕಪ್ಪಾಗ್ತವೆ. ಚೆನ್ನಾಗೇ ಇದ್ದಾಳೆ ಬಿಡು."

ನೆಕುಲಾಯ್ ಇದನ್ನು ಹೆಂಡತಿಗೆ ಹೇಳಲಿಲ್ಲ. ಅವಳು ಮೀನು ತೋರಿಸು ಅಂದಾಗೆಲ್ಲ ಹಳೇ ಫೋಟೋ ಕಳಿಸಿದ. ಏನೇನು ಬದಲಾದರೂ ಅವಳು ಬಿಟ್ಟುಹೋದ ಮನೆ ಮಾತ್ರ ಬದಲಾಗಬಾರದು ಅಂತ ಅವನ ಹಟ. ಗೋಡೆಗೆ ಬಣ್ಣ ಹೊಡೆಸಿದರೂ ಅದೇ ಹಳದಿ, ಪರದೆ ಹರಿದರೆ ಅದೇ ನಮೂನೆಯದಕ್ಕೆ ಊರೆಲ್ಲ ಹುಡುಕಾಟ.

ಈ ಸಲ ಈಸ್ಟರಿನ ಉಪವಾಸದ ದಿನಗಳಲ್ಲಿ ಮುದುಕಿ ತೀರಿಕೊಂಡಳು. ಒತಿಲಿಯಾ ಫೋನು ಮಾಡಿದಳು. "ಅವರ ತಂಗಿ ಫೆರಾರಾದಲ್ಲಿದ್ದಾರೆ, ನೋಡ್ಕೊಳ್ಳೋಕೆ ಅಲ್ಲಿಗೆ ಬಾ ಅಂತಿದ್ದಾರೆ. ಹಬ್ಬಕ್ಕೆ ಬರ್ತೀನಿ. ಹಬ್ಬ ಮುಗಿದ ಗುರುವಾರದ ಬಸ್ಸಿಗೆ ವಾಪಸ್ ಸೀಟೂ ಹೇಳಿದ್ದೀನಿ. ಇರೋದೋ ಹೋಗೋದೋ, ಬಂದು ನೋಡ್ತೀನಿ."

'ನೋಡ್ತೀನಿ' ಅನ್ನುವ ಮಾತು ಅವನ ನಿದ್ದೆ ಕೆಡಿಸಿತು. ಬಂದು ಏನು ನೋಡುತ್ತಾಳೆ? ಎಲ್ಲವೂ ಬಿಟ್ಟುಹೋದ ಹಾಗೇ ಇದ್ದರೆ ಖಂಡಿತ ಇದ್ದುಬಿಡುತ್ತಾಳೆ ಅಂತ ಲೆಕ್ಕ ಹಾಕಿದ. ತಪ್ಪಿದ್ದದ್ದು ಒಂದೇ. ಚಿರ್ಯಾಶಾಳನ್ನು ಹಿಡಿದು ಗವ್ರಿಲ್‌ಗೆ ಕೊಟ್ಟು, ಅಷ್ಟೇ ಗಾತ್ರದ ಕೆಂಪು ಹೆಣ್ಣುಮೀನು ತಂದು ಬಿಟ್ಟ.

"ನಿನ್ನ ತಲೇಲಿ ಇರೋದು ಮಿದುಳೋ ಉಪ್ಪುನೀರೋ?" ಅಂದ ಗವ್ರಿಲ್. ಅಂದರೂ ಕೊಟ್ಟ.

ಹಬ್ಬಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಇಟಲಿಯ ಬಸ್ಸು ಬಂತು. ಚೀಲ, ಪೆಟ್ಟಿಗೆ, ಅಪ್ಪುಗೆ, ಅಳು. ನೆಕುಲಾಯ್ ಇಳಿದವರ ನಡುವೆ ಉದ್ದ ಕೂದಲಿನ, ತುಂಬು ಮೈಯ ಒತಿಲಿಯಾಳನ್ನು ಹುಡುಕುತ್ತಾ ಬಸ್ಸಿನ ಹಿಂಭಾಗದವರೆಗೂ ಹೋದ. "ನೆಕುಲಾಯ್" ಅಂತ ಬೆನ್ನಹಿಂದೆ ಯಾರೋ ಕರೆದರು. ತಿರುಗಿದರೆ, ಆಗಷ್ಟೇ ದಾಟಿಬಂದಿದ್ದ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಸೊರಗಿದ ಮುಖ. ಫೋನಿನ ವಿಡಿಯೋದಲ್ಲಿ ಅವಳು ಯಾವಾಗಲೂ ಮಬ್ಬು ದೀಪದಲ್ಲಿ ಕೂತು ಮಾತಾಡುತ್ತಿದ್ದಳು. ಅದು ಮುದುಕಿಯ ನಿದ್ದೆ ಕೆಡದಿರಲಿ ಅಂತ ಇರಬೇಕು ಎಂದೇ ಅವನು ತಿಳಿದಿದ್ದ.

"ಬಿಸಿಲು ಕಣ್ಣಿಗೆ ಹೊಡೀತಿತ್ತು" ಅಂದ.

"ಇರಬಹುದು" ಅಂದಳು ಅವಳು.

ಮೂರು ದಿನ ಅವಳು ಮನೆಯಲ್ಲಿ ನೆಂಟರ ಹಾಗೆ ಓಡಾಡಿದಳು. ಮೊಟ್ಟೆಗೆ ಕೆಂಪು ಬಣ್ಣ ಹಾಕಿದಳು, ಗಿಣ್ಣಿನ ಪಾಸ್ಕಾ ರೊಟ್ಟಿ ಸುಟ್ಟಳು. "ಪರದೆ ಅದೇ, ಅಲ್ವಾ?" ಅಂದಳು ಒಮ್ಮೆ. ಅವನು ಬೀಗಿದ. ಆದರೆ ಅವಳು ಪಕ್ಕದಲ್ಲೇ ಕೂತಿದ್ದಾಗಲೂ, ಫೋನಿಟ್ಟ ಮೇಲೆ ಬಿಕೋ ಅನ್ನುತ್ತಿದ್ದ ಹಾಗೇ ಮನೆ ಯಾಕೆ ಅನ್ನುತ್ತಿದೆ ಅಂತ ಅವನಿಗೆ ತಿಳಿಯಲಿಲ್ಲ.

ಹಬ್ಬದ ಭಾನುವಾರ ರೂಢಿಯಂತೆ ಮೊಟ್ಟೆಗೆ ಮೊಟ್ಟೆ ಕುಟ್ಟಿ, ಊಟ ಮುಗಿಸಿ, ಅವಳು ಅಂಗಿಯ ತೋಳು ಮಡಚಿ ತೊಟ್ಟಿಗೆ ಕೈ ಹಾಕಿದಳು. ಚಿರ್ಯಾಶಾಗೆ ಒಂದು ಚಟವಿತ್ತು, ಯಾರ ಕೈ ನೀರಿಗಿಳಿದರೂ ನುಗ್ಗಿ ಬಂದು ಕಚ್ಚುವುದು. ಈ ಮೀನು ಹೆದರಿ ಪಂಪಿನ ಹಿಂದೆ ಅವಿತುಕೊಂಡಿತು. ಪುಯು ಹೂವಿನಲ್ಲಿ ಒಬ್ಬನೇ ಇದ್ದ.

"ಇದು ಯಾರು?"

"ಚಿರ್ಯಾಶಾ."

"ನೆಕುಲಾಯ್, ನನ್ನ ಮುಖ ನೋಡಿ ಹೇಳು."

ಅವನು ಹೇಳಿಬಿಟ್ಟ. ಹೂವು, ಕಪ್ಪು, ಹಳೇ ಫೋಟೋ, ಗವ್ರಿಲ್, ಎಲ್ಲ. "ನಿನಗೋಸ್ಕರ ಮಾಡ್ದೆ ಕಣೇ. ಎಲ್ಲ ನೀನು ಬಿಟ್ಟುಹೋದ ಹಾಗೇ ಇರ್ಲಿ ಅಂತ."

ಅವಳು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಳ್ಳುತ್ತಾ ಅಂದಳು, "ಬಸ್ಸಿನ ಹತ್ರ ನನ್ನನ್ನ ದಾಟ್ಕೊಂಡು ಹೋದೆಯಲ್ಲ, ಗಾಬರಿಗಿರಬೇಕು ಅಂದ್ಕೊಂಡೆ. ಈಗ ಅರ್ಥ ಆಯ್ತು. ನೀನು ಹುಡುಕ್ತಿದ್ದದ್ದು ನನ್ನನ್ನಲ್ಲ."

ಮರುದಿನ ಅವಳೇ ಅವನನ್ನು ಎಬ್ಬಿಸಿ, ಕೆಂಪು ಮೀನನ್ನು ಡಬ್ಬಿಗೆ ಹಾಕಿಸಿ, ಗವ್ರಿಲ್‌ನ ಮನೆಗೆ ಕರೆದುಕೊಂಡು ಹೋದಳು. ಗವ್ರಿಲ್ ಬಾಗಿಲಲ್ಲೇ ಎರಡೂ ಕೈ ಎತ್ತಿದ. "ಅತ್ತಿಗೆ, ನಾನು ಬೇಡ ಅಂದಿದ್ದೆ. ಈ ಮನುಷ್ಯನಿಗೆ ಪೈಪು ಬಿಟ್ರೆ ಬೇರೇನೂ ಅರ್ಥ ಆಗಲ್ಲ."

"ನೀನೇನು ಕಮ್ಮಿನಾ? ಕೊಟ್ಟೆಯಲ್ಲ!" ಅಂದಳು ಒತಿಲಿಯಾ.

ಖಾಲಿ ತೊಟ್ಟಿಯಲ್ಲಿ, ಒಂದು ಮಣ್ಣಿನ ಕುಂಡದ ಬಳಿ, ಚಿರ್ಯಾಶಾ ಒಬ್ಬಳೇ ತೇಲುತ್ತಿದ್ದಳು. ಕಪ್ಪು ಸ್ವಲ್ಪ ಮಾಸಿ ಕಂದು ಬಂದಿತ್ತು.

"ಹೂವಿಲ್ಲದೆ ಕೆಲವು ತಿಂಗಳು ಇಲ್ಲೇ ಇದ್ರೆ ಮತ್ತೆ ಕೆಂಪಾದ್ರೂ ಆಗಬಹುದು" ಅಂದ ಗವ್ರಿಲ್. ನೆಕುಲಾಯ್ ಆಸೆಯಿಂದ ಹೆಂಡತಿಯ ಕಡೆ ನೋಡಿದ.

"ಹೀಗೆ ಒಂಟಿಯಾಗಿಟ್ಟಾ?" ಅಂದಳು ಅವಳು. "ಕುಟುಕಿಸ್ಕೊಂಡೇ ಒಂದು ಜಾಗ ಮಾಡ್ಕೊಂಡಿದ್ದಾಳೆ. ನಾನೂ ಐದು ವರ್ಷ ಒಬ್ಬರ ಮಂಚದ ಪಕ್ಕ ಮಲಗಿದ್ದೀನಿ, ಗವ್ರಿಲ್. ಅವರು ಹೋದಾಗ ಹೆತ್ತ ತಾಯಿಗೆ ಅಳದಷ್ಟು ಅತ್ತೆ. ಅದನ್ನೆಲ್ಲ ಎಲ್ಲಿ ಉಜ್ಜಿ ತೊಳೀಲಿ? ಕೊಡು, ಹೀಗೇ ಕೊಡು."

ಕೆಂಪು ಮೀನು ಅಲ್ಲಿ ಉಳಿಯಿತು, ಚಿರ್ಯಾಶಾ ಮನೆಗೆ ಬಂದಳು. ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಹೂವು ಸೇರಿದಳು. ಪುಯು ಅವಳ ಮುಂದೆ ಶರಣಾದವನ ಹಾಗೆ ಮೈ ನಡುಗಿಸುತ್ತಾ ನಿಂತ. ಒತಿಲಿಯಾ ನೋಡಿದಳು. ಮಂಗಳವಾರ ಬಟ್ಟೆ ಒಗೆದು ಹಾಕಿದಳು. ಬುಧವಾರ ಮಧ್ಯಾಹ್ನ ಪೆಟ್ಟಿಗೆ ತೆಗೆದು ಮಡಚಿ ಇಡತೊಡಗಿದಳು.

ನೆಕುಲಾಯ್‌ಗೆ 'ಇರು' ಅನ್ನಬೇಕು ಅನ್ನಿಸಿತು. ಐದು ವರ್ಷ ಸ್ಟೂಲಿನ ಮೇಲೆ ಕೂತು ಹೊಂದಿಸಿಟ್ಟುಕೊಂಡ ಮಾತುಗಳು ನೂರಿದ್ದವು. ಆದರೆ ಅವೆಲ್ಲ ಉದ್ದ ಕೂದಲಿನ ಆ ಒತಿಲಿಯಾಗೆ ಆಡಬೇಕಾದವು. ಪೆಟ್ಟಿಗೆಯ ಮುಂದೆ ಬಗ್ಗಿದ ಈ ಬಿಳಿತಲೆಯ ಹೆಂಗಸಿಗೆ ಹೇಳಲು ಅವನ ಬಳಿ ಒಂದೂ ಇರಲಿಲ್ಲ. ಅವಳು ಎದುರಿಗೇ ಇದ್ದಳು, ಅವನು ಅವಳಿಗಾಗಿ ಹಂಬಲಿಸಿ ಸಾಯುತ್ತಿದ್ದ.

ನಾಲ್ಕು ಗಂಟೆಯಾಯಿತು. ಒತಿಲಿಯಾ ಮಡಚುತ್ತಿದ್ದ ಬಟ್ಟೆ ಮಂಚದ ಮೇಲೆ ಬಿಟ್ಟು ಅಡುಗೆಮನೆಗೆ ಹೋದಳು. ಒಂದು ಲೋಟ ಬೆಚ್ಚನೆ ನೀರು ತುಂಬಿ, ಬಿಸಿ ಎಷ್ಟಿದೆ ಅಂತ ಮಣಿಕಟ್ಟಿಗೆ ಎರಡು ಹನಿ ಬಿಟ್ಟುಕೊಂಡು, ಲಗುಬಗೆಯಿಂದ ಮಲಗುವ ಕೋಣೆಗೆ ಬಂದಳು. ಮಂಚದ ಬಳಿ ನಿಂತು ಒಂದು ಕೈ ಮುಂದೆ ಚಾಚಿದಳು, ಯಾರದೋ ತಲೆ ಎತ್ತಿ ಹಿಡಿಯುವವಳ ಹಾಗೆ. ಮಂಚದ ಮೇಲೆ ಬಟ್ಟೆಗಳಷ್ಟೇ ಇದ್ದವು. ಅವಳು ಲೋಟ ಹಿಡಿದು ಅಲ್ಲೇ ನಿಂತುಬಿಟ್ಟಳು. ಯಾರಿಗೆ ಕೊಡಬೇಕೋ ತೋಚಲಿಲ್ಲ.

ನೆಕುಲಾಯ್ ಹೋಗಿ ಮಂಚದ ಮೇಲೆ ಕೂತ. "ನನಗೆ ಕೊಡು" ಅಂದ.

ಅವಳ ಕೈ ತಾನಾಗಿ ಅವನ ಕತ್ತಿನ ಹಿಂದೆ ಬಂತು. ಇಂಥ ಹಿಡಿತ ಅವನಿಗೆ ಗೊತ್ತಿರಲಿಲ್ಲ, ಅಷ್ಟು ಗಟ್ಟಿ, ಅಷ್ಟು ಮೆತ್ತಗೆ. ಅವನು ಪೂರ್ತಿ ಕುಡಿದ. ಆಮೇಲೆ, ಐದು ವರ್ಷದಲ್ಲಿ ಒಂದು ಸಲವೂ ಕೇಳದೇ ಇದ್ದದ್ದನ್ನು ಕೇಳಿದ.

"ಆ ಅಮ್ಮನ ಹೆಸರೇನು, ಒತಿಲಿಯಾ?"

ಅವಳು ಲೋಟ ಕೆಳಗಿಟ್ಟಳು. ಅವನ ಪಕ್ಕ ಕೂತು, ಮಂಚದ ಮೇಲಿದ್ದ ಬಟ್ಟೆಗಳನ್ನು ಆಚೆ ಸರಿಸಿದಳು.

"ಇಯೋಲಾಂದಾ" ಅಂದಳು. "ಬಲೇ ಹಟಮಾರಿ. ಹೇಳ್ತಾ ಹೋದ್ರೆ ಇವತ್ತಿಗೆ ಮುಗಿಯಲ್ಲ. ಮೊದಲು ಆ ಬಸ್ಸಿನವನಿಗೆ ಫೋನು ಮಾಡು, ನನ್ನ ಸೀಟು ಯಾರಿಗಾದ್ರೂ ಕೊಡ್ಲಿ."