ಕಿಟಕಿ ಬುಡದ ಸಬ್‌ವೂಫರ್

ಊರಿಗೆ ಡಿವಿಡಿ ಬಂದ ಹೊಸತು. ಅಬ್ದುಲ್ ನಾಸಿರ್ ಶಾರ್ಜಾದಿಂದ ರಜೆಗೆ ಬರುವಾಗ ಹೊತ್ತು ತಂದ ಹೋಮ್ ಥಿಯೇಟರನ್ನು ಕಂಡರೆ ಅವನ ಹೆಂಡತಿ ಜಸೀಲಾಳಿಗೆ ಮೊದಲ ದಿನದಿಂದಲೇ ಮೈ ಉರಿಯುತ್ತಿತ್ತು. ಐದು ಸ್ಪೀಕರು, ಜೊತೆಗೆ ಗುಡುಗಿನಂಥ ಬೇಸ್ ಸದ್ದು ಹೊರಡಿಸುವ ದೊಡ್ಡ ಡಬ್ಬ, ಅಂದರೆ ಸಬ್‌ವೂಫರ್. ಎರಡು ಸ್ಪೀಕರು ಸೋಫಾದ ಹಿಂದೆ ಇರಬೇಕೆಂದು ಪೆಟ್ಟಿಗೆಯ ಮೇಲೆಯೇ ಚಿತ್ರವಿತ್ತು.

"ಹಿಂದೆ ಇಟ್ರೆ ಬಂದವರಿಗೆ ಕಾಣುದು ಹೇಗೆ?" ಎಂದ ನಾಸಿರ್ ಐದನ್ನೂ ಶೋಕೇಸಿನಲ್ಲಿ ಸಾಲಾಗಿ ನಿಲ್ಲಿಸಿದ, ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ. ಸುತ್ತಲಿಂದ ಬರಬೇಕಾದ ಸದ್ದು ಒಂದೇ ಕಡೆಯಿಂದ ಬೊಬ್ಬೆ ಹೊಡೆಯಿತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಸಬ್‌ವೂಫರಿಗೆ ಅವನು ಆರಿಸಿದ್ದು ಕಿಟಕಿಯ ಬುಡ, ಜಸೀಲಾಳ ಹೊಲಿಗೆ ಮೆಷಿನಿನ ಜಾಗ. ಕಲ್ಲಡ್ಕದ ಆ ಮನೆಯಲ್ಲಿ ಸಂಜೆಯವರೆಗೂ ಬೆಳಕಿರುವುದು ಅಲ್ಲಿ ಮಾತ್ರ. ಅಲ್ಲಿ ಕೂತೇ ಅವಳು ಅರ್ಧ ಪೇಟೆಯ ಹೆಂಗಸರಿಗೆ ಹಬ್ಬದ ಬಟ್ಟೆ ಹೊಲಿದಿದ್ದಳು.

"ಮೆಷಿನ್ ಸೌದೆ ಕೊಟ್ಟಿಗೆಯಲ್ಲಿ ಇರಲಿ. ಹಾಲ್‌ನಲ್ಲಿ ಅದು ಚಂದ ಉಂಟಾ?"

"ಅಲ್ಲಿ ಕಣ್ಣು ಕಾಣುದಿಲ್ಲ."

"ಬಲ್ಬ್ ಹಾಕುವ."

ರಜೆ ಮುಗಿಯಿತು, ಬಲ್ಬು ಬರಲಿಲ್ಲ. ಸೆಟ್ಟನ್ನು ಯಾರೂ ಮುಟ್ಟಬಾರದು, ಎಲ್ಲದಕ್ಕೂ ವೆಲ್ವೆಟ್ ಕವರ್ ಹೊಲಿದು ಹಾಕಬೇಕು ಎಂದು ಹೇಳಿ ಅವನು ವಿಮಾನ ಹತ್ತಿದ. ಸೌದೆ ಕೊಟ್ಟಿಗೆಯ ಕತ್ತಲಲ್ಲಿ, ಕೋಳಿ ಹಿಕ್ಕೆಯ ವಾಸನೆಯಲ್ಲಿ ಕೂತು ಜಸೀಲಾ ಹೊಲಿದಳು. ತನ್ನ ಜಾಗ ಕಿತ್ತುಕೊಂಡ ಡಬ್ಬಕ್ಕೆ ತಾನೇ ಅಂಗಿ ತೊಡಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಕತ್ತಲಲ್ಲಿ ನೆರೆಮನೆಯ ಜುಲೈಕಾಳ ಮದುವೆ ರವಿಕೆಯ ತೋಳು ಸೊಟ್ಟಗಾಯಿತು. ಅದರ ನಂತರ ಬಟ್ಟೆ ತರುವವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು.

ಮಳೆ ಹಿಡಿದ ಮೇಲೆ ಹಾಲ್‌ನಲ್ಲಿ ನಾತ ಶುರುವಾಯಿತು. ಅತ್ತೆ ಐಸಮ್ಮ ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಓಡಾಡಿದರು. ಜಸೀಲಾ ಮೂಲೆ ಮೂಲೆ ಹುಡುಕಿ, ಕೊನೆಗೆ ಸಬ್‌ವೂಫರಿನ ಕವರ್ ಎತ್ತಿದಳು. ಇಲಿ ವೆಲ್ವೆಟ್ಟು ಕಡಿದು, ಡಬ್ಬದ ದುಂಡು ತೂತಿನೊಳಗೆ ಅದರ ಚೂರುಗಳನ್ನೇ ಹಾಸಿಕೊಂಡು ಸಂಸಾರ ಹೂಡಿ, ಅಲ್ಲೇ ಸತ್ತಿತ್ತು. ಹುಳ ಗಿಜಿಗುಡುತ್ತಿತ್ತು.

"ಎತ್ತಿ ಕೊಟ್ಟಿಗೆಗೆ ಹಾಕುವ, ಮಗಳೇ," ಎಂದರು ಐಸಮ್ಮ. "ನಾಸಿರ್ ಕೇಳಿದ್ರೆ ನಿಮ್ಮ ಉಮ್ಮನೇ ಹೇಳಿದ್ದು ಅನ್ನು."

ಅತ್ತೆ ಸೊಸೆ ಸೇರಿ ಡಬ್ಬವನ್ನು ಕೊಟ್ಟಿಗೆಗೆ ಸಾಗಿಸಿ, ಹಾಲ್ ತೊಳೆದು, ಮೆಷಿನನ್ನು ಕಿಟಕಿಯ ಬುಡಕ್ಕೆ ತಂದರು.

ಶುಕ್ರವಾರ ನಾಸಿರನ ಫೋನು ಬಂತು. "ಇವತ್ತೊಂದು ಸಲ ಸೆಟ್ ಹಾಕು. ಸಬ್‌ವೂಫರ್ ಹತ್ರ ಫೋನ್ ಹಿಡಿ. ನಮ್ಮ ರೂಮಿನವರಿಗೆ ಕೇಳಿಸ್ಬೇಕು."

ಇಲಿಯ ವಿಷಯ ಹೇಳಲು ಜಸೀಲಾ ಬಾಯಿ ತೆರೆದಳು. ಅವನು ಆಗಲೇ ಫೋನನ್ನು ಪಕ್ಕದವನ ಕೈಗೆ ಕೊಟ್ಟಿದ್ದ. ನಾತ ಮತ್ತೊಮ್ಮೆ ಮೂಗಿಗೆ ಬಡಿದಂತಾಯಿತು ಅವಳಿಗೆ. ರಿಸೀವರನ್ನು ಮೆಷಿನಿನ ಹಲಗೆಯ ಮೇಲಿಟ್ಟು, ದಪ್ಪ ಬಟ್ಟೆ ಸಿಕ್ಕಿಸಿ, ಇದ್ದ ಸಿಟ್ಟನ್ನೆಲ್ಲ ಕಾಲಿಗೆ ಇಳಿಸಿ ತುಳಿದಳು. ಹಲಗೆ ದಡದಡ ನಡುಗಿತು. ಐಸಮ್ಮ ನಗು ತಡೆಯಲು ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡರು.

"ಕೇಳಿತಾ?" ಎಂದು ಅವಳು ರಿಸೀವರ್ ಎತ್ತಿದಳು.

"ಎಂತ ಬೇಸ್ ಮಾರಾಯ," ಎಂದು ನಾಸಿರ್ ಯಾರಿಗೋ ಹೇಳುತ್ತಿದ್ದ. ಆಮೇಲೆ ಅವಳಿಗೆ, "ನೋಡು, ಜಾಗ ಅದೇ ಸರಿ. ಅಲ್ಲಿಂದ ಕದಲಿಸ್ಬೇಡ."

"ಇಲ್ಲ," ಎಂದಳು ಜಸೀಲಾ, "ಇನ್ನು ಕದಲಿಸುದಿಲ್ಲ."