ನೀರೋಣಿಯ ಅಂಕಿತ

"ಈ ಪದಾ ಯಾರದಪಾ?"

ಶಿವಬಸವ್ವ ಯಾರನ್ನೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಇದ್ದವಳು ಅವಳೊಬ್ಬಳೇ. ಮುಂದೆ ಕಾದ ಹಂಚಿನ ಮೇಲೊಂದು ರೊಟ್ಟಿ, ಕೈಕೆಳಗೆ ಅರ್ಧ ಬಡಿದ ಇನ್ನೊಂದು. ಮೇಲಿನ ಕೋಣೆಯಲ್ಲಿ ಹುಡುಗರು ರೆಕಾರ್ಡ್ ಮಾಡಿದ ಹಾಡನ್ನು ಮತ್ತೆ ಹಚ್ಚಿದ್ದರು. ಅದು ಮೆಟ್ಟಿಲಿಳಿದು ಬರುತ್ತಿತ್ತು. ನೀರಿನ ಕೊಡಕ್ಕೆ ಕೈಹಾಕಲು ಬಂದ ಮೊಮ್ಮಗ ಚನ್ನವೀರ ಬಾಗಿಲಲ್ಲೇ ನಿಂತ.

"ನಮ್ಮದ ಹಾಡು, ಆಯಿ. ನೀ ಹೇಳತಿದ್ದೆಲ್ಲ, ಅದ."

"ಮೊದಲಿನ ಮೂರು ನುಡಿ ನಾ ಹೇಳಿದ್ದು. ಈ ಕಡೀ ನುಡಿ ನನ್ನ ಬಾಯಾಗ ಎಂದೂ ಬಂದಿಲ್ಲ."

"ಅದು ನಾ ಕಟ್ಟಿದ್ದು." ಚನ್ನವೀರನ ದನಿಯಲ್ಲಿ ಹೆಮ್ಮೆಯಿತ್ತು. "ಚೊಲೊ ಅದ ಇಲ್ಲೋ?"

ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಶಿವಬಸವ್ವ ಅದನ್ನು ತಿರುವಲಿಲ್ಲ.

ಪುಣೆಯ ಬಿಬವೇವಾಡಿಯ ಆ ಮನೆಯ ಕೆಳಗೆ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ. ಮೇಲೆ ಜೋಳದ ಹಿಟ್ಟಿನ ಚೀಲಗಳನ್ನು ಒಟ್ಟಿದ ಕೋಣೆ. ಚೀಲಗಳು ಸದ್ದನ್ನು ನುಂಗುತ್ತಿದ್ದುದರಿಂದ ನೆರೆಯವರ ದೂರಿಲ್ಲದೆ ಕಾಲೇಜಿನ ದಿನಗಳಿಂದಲೂ ಬ್ಯಾಂಡಿನ ತಾಲೀಮು ಅಲ್ಲೇ ನಡೆಯುತ್ತಿತ್ತು. ಚನ್ನವೀರ ಹಾಡುವವನು. ಗಿಟಾರಿನ ಅಭಿಲಾಷ ಮೈಸೂರಿನವನು, ಈಗ ವಾಕಡದಲ್ಲಿ ಮನೆ ಮಾಡಿಕೊಂಡು ಐಟಿ ಕಂಪನಿಗೆ ಹೋಗುತ್ತಾನೆ. ಡ್ರಮ್ ಕೇತಕಿಯದು. ಅವಳು ಮರಾಠಿ ಹುಡುಗಿ, ಅವಳ ಮಾತಿನಲ್ಲಿ 'ಆಯಿ' ಎಂದರೆ ತಾಯಿ. ಚನ್ನವೀರ ಅಜ್ಜಿಯನ್ನು 'ಆಯಿ' ಎನ್ನುವುದನ್ನು ಕೇಳಿ, ಬಹಳ ಕಾಲ ಶಿವಬಸವ್ವನನ್ನು ಅವನ ತಾಯಿಯೆಂದೇ ತಿಳಿದು, ಇಷ್ಟು ವಯಸ್ಸಿನಲ್ಲಿ ಇವನನ್ನು ಹೆತ್ತಳೇ ಎಂದು ಬೆರಗುಪಟ್ಟವಳು.

ಬ್ಯಾಂಡಿನ ಹೆಸರು 'ನೀರೋಣಿ'. ಅದು ಶಿವಬಸವ್ವನ ಬಾಯಿಂದಲೇ ಬಂದದ್ದು. ರೊಟ್ಟಿ ಬಡಿಯುತ್ತ ಅವಳು ಪದ ಹೇಳುತ್ತಿದ್ದಳು, ಕೈಯ ಸದ್ದೇ ತಾಳ. ಪ್ರತಿ ಪದದ ಕೊನೆಯಲ್ಲಿ ಆ ಮಾತು ಬರುತ್ತಲೂ ಅವಳ ಕೈ ನಿಲ್ಲುತ್ತಿತ್ತು, ಆ ಮೌನದಲ್ಲಿ 'ನೀರೋಣಿ' ಎನ್ನುತ್ತಿದ್ದಳು, ಆಮೇಲೆ ಮತ್ತೆ ಬಡಿತ. ಮೊಮ್ಮಗ ಆ ನಿಲುಗಡೆಯನ್ನು ಹಾಗೆಯೇ ಹಾಡಿಗೆ ತಂದ. ಅಲ್ಲಿ ಕೇತಕಿಯ ಡ್ರಮ್ ಥಟ್ಟನೆ ನಿಲ್ಲುತ್ತದೆ, ಕನ್ನಡ ಬಾರದ ಪುಣೆಯ ಹುಡುಗ ಹುಡುಗಿಯರು ಒಟ್ಟಿಗೆ "ನೀರೋಣೀ" ಎಂದು ಕೂಗುತ್ತಾರೆ. ಬ್ಯಾಂಡು ಜನರ ಬಾಯಿಗೆ ಬಿದ್ದದ್ದೇ ಆ ಕೂಗಿನಿಂದ. ಭಾನುವಾರ ಮೊದಲ ಆಲ್ಬಮ್ಮಿನ ಬಿಡುಗಡೆಯಿತ್ತು.

"ಅದೇನು ತಾಳಂತ ತಿಳಕೊಂಡಿಯೇನೋ?" ಶಿವಬಸವ್ವ ಕಡೆಗೂ ಬಾಯಿಬಿಟ್ಟಳು. "ನಾ ಅಲ್ಲಿ ಕೈ ಮುಗೀತಿದ್ದೆ. ಹಿಟ್ಟಿನ ಕೈ, ನಿನಗ ಕಂಡಿರಲಿಕ್ಕಿಲ್ಲ. ಅದು ಅಂಕಿತ, ಚನ್ನೂ."

ಅಂಕಿತವೆಂದರೆ ಪದ ಕಟ್ಟಿದವನು ತನ್ನ ಹೆಸರಿಗೆ ಬದಲಾಗಿ ಕೊನೆಯಲ್ಲಿ ಇಡುವ ಮಾತು. ಗುರು ತಲೆಯ ಮೇಲೆ ಕೈಯಿಟ್ಟು ಅದನ್ನು ಕೊಡುತ್ತಾನೆ. ಕೊಡದೆ ಯಾರೂ ತೆಗೆದುಕೊಳ್ಳುವಂತಿಲ್ಲ. ಈ ಪದಗಳನ್ನೆಲ್ಲ ಕಟ್ಟಿದವನು ಹುಸೇನಪ್ಪ, ಅವಳ ಗಂಡ ಶಿವಪ್ಪನ ಊರಿನವನು, ಗೆಳೆಯ. ಪುಣೆಯ ಹೊರಗೆ, ದಂಡಿನವರ ಊರಾದ ದೇಹೂ ರೋಡಿನಲ್ಲಿ ಇನ್ನೂ ಇದ್ದಾನೆ.

"ಬದುಕಿದ್ದಾರ? ದೇವರ ಪದ ಅಂತಿದ್ದೆಲ್ಲ ನೀನು?"

"ದೇವರ ಪದಾನ. ಕಟ್ಟಿದಾಂವ ಹುಸೇನಪ್ಪ. ಹೋಗು, ಅವನ್ನ ಕೇಳು. ಅವ ಏನಂತಾನೋ ತಿಳಿಯೂತನಾ ಆ ಹೆಸರು ಎತ್ತಬ್ಯಾಡ. ನಿನ್ನ ಪದದಾಗೂ ಬ್ಯಾಡ, ನಿನ್ನ ಬ್ಯಾಂಡಿಗೂ ಬ್ಯಾಡ."

ಮೇಲೆ ಈ ಸುದ್ದಿ ಕೇಳಿ ಅಭಿಲಾಷ ಗಿಟಾರನ್ನು ಚೀಲಕ್ಕೆ ಒರಗಿಸಿದ. "ಏನ್ ಮಗಾ, ಟೀ ಶರ್ಟೆಲ್ಲ ಪ್ರಿಂಟ್ ಆಗಿದೆ. ಕೊನೇ ಸಾಲು ಬದಲಾಯಿಸಿಬಿಡೋಣ, ಬೇರೆ ಏನಾದ್ರೂ ಪದ ಹಾಕು."

ಚನ್ನವೀರ ಪ್ರಯತ್ನಿಸಿದ. ಆಗಲಿಲ್ಲ. ಅವನ ನುಡಿ ಹೀಗಿತ್ತು:

ಊರ ಬಿಟ್ಟು ಊರಿಗೆ ಬಂದೆ,
ಊರು ಕೇಳಿತು ಊರ್ಯಾವುದೆಂದು.
ಹೆಸರ ಹೇಳಲು ಬಾಯಿ ತೆರೆದೆ,
ನೀರೋಣಿ, ನೀನೇ ನುಡಿದೆ.

ಆ ಒಂದು ಮಾತನ್ನು ತೆಗೆದರೆ ತೆರೆದ ಬಾಯಿ ತೆರೆದೇ ಉಳಿಯುತ್ತಿತ್ತು.

ಮರುದಿನ ಬೆಳಿಗ್ಗೆ ಚನ್ನವೀರ, ಕೇತಕಿ ಲೋಕಲ್ ರೈಲು ಹಿಡಿದು ಹೋದರು. ಅಭಿಲಾಷ ವಾಕಡದಿಂದ ಬೈಕಿನಲ್ಲಿ ಬಂದು ದೇಹೂ ರೋಡ್ ಸ್ಟೇಷನ್ನಿನ ಹೊರಗೆ ಕಾದಿದ್ದ. ಶಿವಬಸವ್ವ ರೊಟ್ಟಿಯ ಗಂಟು ಕಟ್ಟಿ ಕೊಟ್ಟಿದ್ದಳು. ಹುಸೇನಪ್ಪನ ಮನೆ ಸಿಗುವುದು ಕಷ್ಟವಾಗಲಿಲ್ಲ. ಸಿಪಾಯಿಗಳ ಬಟ್ಟೆ ಹೊಲಿಯುತ್ತಿದ್ದ ಮುದುಕ ಎಂದರೆ ಯಾರಾದರೂ ತೋರಿಸುತ್ತಿದ್ದರು. ಹೊಲಿಗೆ ಯಂತ್ರದ ಮೇಲೆ ಈಗ ಮುಚ್ಚಿದ ಬಟ್ಟೆಯಿತ್ತು. ಅದರ ಮೇಲೆ ಒಂದು ಜೋಡಿ ಹಿತ್ತಾಳೆಯ ತಾಳ.

"ಶಿವಪ್ಪನ ಮೊಮ್ಮಗನ?" ಹುಸೇನಪ್ಪ ಕಣ್ಣು ಕಿರಿದು ಮಾಡಿದರು. "ಮೂಗು ಅವನದ ಅದ. ಗಂಟಲಾ ಯಾರದು ನೋಡೂಣು. ಅವನ ಗಂಟಲಾ ಇದ್ರ ಹಾಡಬ್ಯಾಡ, ಎಮ್ಮಿ ಓಡಿಹೋಗತಿದ್ದು."

ಎಲ್ಲರೂ ನಕ್ಕರು. ಕೇತಕಿ ಅರ್ಥವಾಗದೆಯೂ ನಕ್ಕಳು. ರೊಟ್ಟಿಯ ಗಂಟನ್ನು ಮುದುಕರು ಹಣೆಗೆ ಮುಟ್ಟಿಸಿಕೊಂಡು ಪಕ್ಕದಲ್ಲಿಟ್ಟರು. ಮೊದಲು ಮಾತಾಡಬೇಕೆಂದು ಚನ್ನವೀರ ದಾರಿಯುದ್ದಕ್ಕೂ ಅಂದುಕೊಂಡಿದ್ದ. ಆದರೆ ಅವರು, "ಹಾಡು, ಹಾಡು, ಮಾತು ಆಮ್ಯಾಲ" ಎಂದುಬಿಟ್ಟರು.

ಅಭಿಲಾಷ ಗಿಟಾರು ಮೀಟಿದ. ಕೇತಕಿ ಮೊಣಕಾಲಿನ ಮೇಲೆ ಬೆರಳಿಂದ ತಾಳ ಹಿಡಿದಳು. ಮೂರು ನುಡಿಗಳಿಗೂ ಹುಸೇನಪ್ಪನ ತುಟಿ ಜೊತೆಗೆ ಆಡುತ್ತಿತ್ತು, ಆಗಾಗ "ಭಾಳ ಗಡಬಿಡಿ ಮಾಡತೀರಿ" ಎಂದು ಗೊಣಗುತ್ತಿದ್ದರು. ನಾಲ್ಕನೆಯ ನುಡಿ ಬಂದಾಗ ತುಟಿ ನಿಂತಿತು. ಅಂಕಿತದ ಹತ್ತಿರ ಕೇತಕಿಯ ಬೆರಳೂ ರೂಢಿಯಂತೆ ನಿಂತಿತು. ಆ ಮೌನದಲ್ಲಿ ಚನ್ನವೀರ "ನೀರೋಣಿ" ಎಂದ. ಮುದುಕರ ಕೈ ತಾನಾಗಿ ಮೇಲೆದ್ದು ತಮ್ಮದೇ ನೆತ್ತಿಯ ಮೇಲೆ ಹೋಗಿ ಕುಳಿತಿತು.

ಹಾಡು ಮುಗಿದ ಮೇಲೂ ಅದು ಕೆಳಗಿಳಿಯಲಿಲ್ಲ.

"ಇದನ್ನ ನಾ ಮರತಿದ್ನಲ್ಲೋ," ಎಂದರು ಹುಸೇನಪ್ಪ. "ಊರ ಬಿಟ್ಟು ಊರಿಗೆ ಬಂದೆ... ಹೌದು. ಇಲ್ಲಿಗೆ ಬಂದ ಹೊಸತರಾಗ ಕಟ್ಟಿರಬೇಕು. ಎಲ್ಲಿ ಹೋಗಿತ್ತಪ ಇದು?" ಇನ್ನೊಂದು ಕೈಯಿಂದಲೇ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. "ನಿಮ್ಮಜ್ಜ ಹೋದ ಮ್ಯಾಲ ನನಗೊಂದೂ ಪದಾ ಆಗಿಲ್ಲ. ಕೂಡತೀನಿ, ಬರೂದಿಲ್ಲ. ಗುರು ನನ್ನೊಳಗಿಂದ ಎದ್ದು ಹೋದ ಅಂತ ತಿಳಕೊಂಡಿದ್ದೆ. ಎದ್ದು ಹೋಗಿಲ್ಲ ನೋಡು. ಮರತದ್ದನ್ನ ತಿರುಗಿ ಕಳಿಸ್ಯಾನ."

"ಕಾಯ್ ಝಾಲಂ?" ಏನಾಯಿತೆಂದು ಕೇತಕಿ ಮೆಲ್ಲಗೆ ಕೇಳಿದಳು. ಅಭಿಲಾಷ ಅವಳಿಗೆ ಉತ್ತರ ಕೊಡದೆ ಚನ್ನವೀರನ ಕಿವಿಯ ಬಳಿ ಬಾಗಿದ. "ಸುಮ್ನಿರೋ. ಅವರೇ ತಮ್ದು ಅಂತಿದಾರೆ. ಅಜ್ಜಿಗೂ ಸಮಾಧಾನ, ನಮಗೂ ಹೆಸರು ಉಳೀತು."

ಚನ್ನವೀರನಿಗೆ ಸುಮ್ಮನಿರುವುದು ಸುಲಭವಾಗಿತ್ತು. ಮುದುಕರ ಮುಖ ಈಗಷ್ಟೇ ದೀಪ ಹಚ್ಚಿದ ಗೂಡಿನಂತಿತ್ತು. ಅದನ್ನು ಆರಿಸುವ ಮನಸ್ಸು ಯಾರಿಗಾದರೂ ಬಂದೀತೇ?

"ನಿಮ್ಮ ಆಯಿ ಹೇಳಿಕೊಟ್ಟಳೇನು?" ಹುಸೇನಪ್ಪ ಕೇಳಿದರು. "ಅಕೀಗೆ ಎಲ್ಲಾ ನೆನಪಿರ್ತಾವ. ಅಕಿ ಬಾಯಾಗಿದ್ದದ್ದು ಎಂದೂ ಸುಳ್ಳಾಗೂದಿಲ್ಲ."

ಚನ್ನವೀರನಿಗೆ ಹಂಚಿನ ಮೇಲೆ ಹೊತ್ತಿದ ರೊಟ್ಟಿಯ ವಾಸನೆ ಬಂದಂತಾಯಿತು.

"ಇಲ್ಲರಿ ಅಜ್ಜಾ. ಕಡೀ ನುಡಿ ಆಯಿದಲ್ಲ. ನಿಮ್ಮದೂ ಅಲ್ಲ. ನಾ ಕಟ್ಟಿದ್ದರಿ."

ಹುಸೇನಪ್ಪ ಕನ್ನಡಕ ಒರೆಸುವುದನ್ನು ನಿಲ್ಲಿಸಲಿಲ್ಲ. "ನೀನು?"

"ಹೌದ್ರಿ."

"ಅಂಕಿತ?"

"ಅಂಕಿತಂತ ಗೊತ್ತಿರಲಿಲ್ಲರಿ. ಅಲ್ಲಿ ಆಯಿ ಕೈ ನಿಲ್ಲಸ್ತಿದ್ಲು. ನಾವು ತಾಳ ಅಂತ ತಿಳಕೊಂಡಿವಿ."

"ತಾಳ!" ಎಂದು ಮುದುಕರು ನಕ್ಕರು. ನಗು ಸ್ವಲ್ಪ ಹೊತ್ತು ನಡೆಯಿತು, ಕೊನೆಯಲ್ಲಿ ಕೆಮ್ಮಾಯಿತು. ಕೇತಕಿ ನೀರು ತಂದುಕೊಟ್ಟಳು. ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು ಕುಳಿತರು. ಕೈ ಈಗ ನೆತ್ತಿಯ ಮೇಲಿರಲಿಲ್ಲ.

"ಹಳೇವು ಹಾಡಿಕೊಳ್ರಿ. ಡೋಲರೆ ಬಾರಸ್ರಿ, ಗಿಟಾರರೆ ಬಾರಸ್ರಿ, ನಂದೇನೂ ತಕರಾರಿಲ್ಲ. ನುಡಿ ಚೊಲೊ ಕಟ್ಟಿದಿ ತಮ್ಮಾ. ನಂದ ಅಂತ ನಾನ ನಂಬಿದೆ, ಇನ್ನೇನು ಹೇಳಲಿ. ಆದ್ರ ಆ ಅಂಕಿತ ನಿನಗ ಯಾರೂ ಕೊಟ್ಟಿಲ್ಲ."

ಚನ್ನವೀರ ಚಾಪೆಯ ಮೇಲೆ ಮುಂದಕ್ಕೆ ಸರಿದು ಅವರ ಪಾದದ ಹತ್ತಿರ ಕುಳಿತ.

"ಹಂಗಿದ್ರ ಅದು ನಿಮ್ಮದ ಆಗಲಿರಿ, ಅಜ್ಜಾ. ನೀವು ಮರತಿದ್ರಿ, ನಾ ಹುಡುಕಿ ತಂದೆ. ಆಯಿಗೂ ಹಂಗ ಹೇಳತೀನಿ, ಆಲ್ಬಮ್ಮಿನ ಮ್ಯಾಲೂ ನಿಮ್ಮ ಹೆಸರ ಬರೀತೀನಿ. ನಿಮ್ಮ ಗುರು ಕಳಿಸಿದ್ದು ಅಂತ ಇಟಗೊಳ್ರಿ. ಒಂದ ಸಲ ಹೂಂ ಅನ್ರಿ, ಸಾಕು."

ಹೇಳುತ್ತಿದ್ದಂತೆ ಅವನ ಕಣ್ಣು ತುಂಬಿತು. ಅದು ಮುದುಕರಿಗಾಗಿಯೋ ಬ್ಯಾಂಡಿನ ಹೆಸರಿಗಾಗಿಯೋ ಅವನಿಗೇ ತಿಳಿಯಲಿಲ್ಲ. ಅಭಿಲಾಷ ಗಿಟಾರಿನ ತಂತಿಗಳ ಮೇಲೆ ಅಂಗೈ ಒತ್ತಿ ಹಿಡಿದಿದ್ದ, ಅಪ್ಪಿತಪ್ಪಿಯೂ ಸದ್ದಾಗದಿರಲೆಂದು.

ಹುಸೇನಪ್ಪ ಹೊಲಿಗೆ ಯಂತ್ರದ ಮೇಲಿನ ತಾಳವನ್ನೊಮ್ಮೆ ನೋಡಿದರು. ಕನ್ನಡಕ ಹಾಕಿಕೊಂಡು ಹುಡುಗನ ಮುಖವನ್ನು ನೋಡಿದರು.

"ಒಲ್ಲೆ," ಎಂದರು.